ಕೈಗುಣ ಇಲ್ಲದ ಪೆಟ್ಟಿಗೆ

ನನ್ನ ಕೈಗುಣ ಚಲೋ ಇತ್ತಂತೆ. ಇದು ನನ್ನ ಮಾತಲ್ಲ, ಪಾಮನಕಲ್ಲೂರಿನವರ ಮಾತು. ಅದು ನನ್ನ ತವರೂರು. ಮುಂಗಾರಿನಲ್ಲಿ ತೊಗರಿ ಬಿತ್ತುವ ಹೊತ್ತಿಗೆ ಮಸ್ಕಿಯ ನನ್ನ ಗಂಡನ ಮನೆಗೆ ತಪ್ಪದೆ ಹೇಳಿಕೆ ಬರುತ್ತಿತ್ತು. "ನಿಮ್ಮ ಸೊಸಿನ ಎರಡು ದಿವಸ ಕಳಸ್ರಿ, ಮೊದಲನೇ ಸಾಲು ಆಕಿ ಕೈಲೇ ಬೀಳಬೇಕು." ಅತ್ತೆಗೆ ಒಳಗೊಳಗೇ ಹೆಮ್ಮೆ. ಹೊರಗೆ ಮಾತ್ರ ಮುಖ ಗಂಟು ಹಾಕಿಕೊಂಡು, "ಹೋಗು ಹೋಗು, ಮನ್ಯಾಗಿನ ದಗದ ಮಾಡಾಕ ನಾ ಒಬ್ಬಾಕಿ ಅದೀನಲ್ಲ" ಎನ್ನುತ್ತಿದ್ದರು.

ಗೊತ್ತಿಲ್ಲದವರಿಗೆ ಹೇಳಬೇಕು. ಕೂರಿಗೆಯಲ್ಲಿ ಬಿತ್ತುವಾಗ ಬೀಜ ಬಿಡುವುದು ನಮ್ಮ ಕಡೆ ಹೆಂಗಸರ ಕೆಲಸ. ಗಂಡಸು ಮುಂದೆ ಎತ್ತು ಹೊಡೆಯುತ್ತಿದ್ದ, ಈಗ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಹೆಂಗಸು ಹಿಂದಿನಿಂದ ಉಡಿಯಲ್ಲಿರುವ ಬೀಜವನ್ನು ಹಿಡಿ ತುಂಬ ತೆಗೆದು, ಬೆರಳ ಸಂದಿಯಿಂದ ಕೂರಿಗೆಯ ಬಟ್ಟಲಿಗೆ ಬಿಡುತ್ತಾಳೆ. ಬಟ್ಟಲಿನಿಂದ ಕೊಳವೆಗೆ, ಕೊಳವೆಯಿಂದ ನೆಲಕ್ಕೆ. ಹೆಚ್ಚು ಬಿಟ್ಟರೆ ಸಸಿ ಗುಂಪುಗುಂಪಾಗಿ ಎದ್ದು ಒಂದರ ಅನ್ನ ಇನ್ನೊಂದು ತಿನ್ನುತ್ತದೆ. ಕಮ್ಮಿ ಬಿಟ್ಟರೆ ಸಾಲು ಬೋಳು. ನನ್ನ ಬೆರಳಿಗೆ ಆ ಅಳತೆ ಹೇಗೋ ಹತ್ತಿತ್ತು. ಜನ ಅದನ್ನು ಕೈಗುಣ ಎಂದರು, ನಾನು ಅಳತೆ ಎಂದೆ. ಈ ಎರಡು ಮಾತುಗಳ ನಡುವೆ ನನ್ನ ಆಯುಷ್ಯದ ಒಂದು ದೊಡ್ಡ ಪಾಲು ಸವೆದುಹೋಗಿದೆ.

ಒಂದು ಬೇಸಿಗೆಯಲ್ಲಿ ನನ್ನ ಗಂಡ ಎದೆನೋವು ಎಂದು ಶೆಡ್ಡಿನ ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಆ ಮುಂಗಾರಿಗೆ ತವರಿನಿಂದ ಹೇಳಿಕೆ ಬರಲಿಲ್ಲ. ದುಃಖದಲ್ಲಿದ್ದಾಳೆ ಎಂದು ಬಿಟ್ಟಿರಬೇಕು ಅಂದುಕೊಂಡೆ. ಮರುವರ್ಷವೂ ಬರಲಿಲ್ಲ. ಯಾರೂ ಏನೂ ಅನ್ನಲಿಲ್ಲ, ಅನ್ನುವ ಜರೂರೂ ಇರಲಿಲ್ಲ. ಬೀಜದ ಮೊದಲ ಹಿಡಿ ಮುತ್ತೈದೆಯ ಉಡಿಯಿಂದ ಬೀಳಬೇಕು ಎಂಬುದು ನನಗೇನು ಹೊಸದೇ? ಸೂತಕವಿಲ್ಲ, ಮೈಲಿಗೆಯಿಲ್ಲ ಎಂದು ಬೆಳಿಗ್ಗೆ ಎದ್ದು ಹಾಡಿಕೊಳ್ಳುವ ಶಿವಭಕ್ತರ ಮನೆಗಳು ನಮ್ಮವು. ಹಾಡು ದೇವರ ಜಗುಲಿಯ ಮುಂದೆ ಮುಗಿಯುತ್ತದೆ, ಹೊಲದವರೆಗೆ ಬರುವುದಿಲ್ಲ.

ಶೆಡ್ಡು ಮಸ್ಕಿಯಲ್ಲಿ, ಸಿಂಧನೂರಿಗೂ ಲಿಂಗಸುಗೂರಿಗೂ ಬಸ್ಸು ಹಾಯುವ ರಸ್ತೆಯ ಮೇಲೆ ಇದೆ. ಗಂಡ ಟ್ರಾಲಿ, ನೀರಿನ ಟ್ಯಾಂಕರ್, ಕುಂಟೆ, ಟ್ರ್ಯಾಕ್ಟರಿಗೆ ಕಟ್ಟುವ ಕೂರಿಗೆ ಮಾಡುತ್ತಿದ್ದರು. ಅವರು ಹೋದ ಮೇಲೆ, ಮುಚ್ಚಿ ಬಾಡಿಗೆಗೆ ಕೊಡೋಣ ಎಂದು ಎಲ್ಲರೂ ಹೇಳಿದರು. ಸಿಂಧನೂರಿನಲ್ಲಿರುವ ಮೈದುನ ಕೆಟ್ಟ ಮನುಷ್ಯನಲ್ಲ. "ವೈನಿ, ಟೈಲ್ಸ್ ಅಂಗಡಿಯವರು ಕೇಳಾಕತ್ತಾರ. ಸುಮ್ಮನ ಬಾಡಗಿ ತಗೊಂಡು ಆರಾಮ ಇರ್ರಿ" ಎಂದ. ಆರಾಮ ಎಂದರೆ ಏನು ಎಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ. ಜಾಗ ಮಾವನವರ ಹೆಸರಿನಲ್ಲಿತ್ತು. ಅವರು, "ನಡಸ್ತೀನಿ ಅಂದ್ರ ನಡಸಲಿ, ಕೈ ಸೋತಾಗ ನೋಡೋಣು" ಎಂದರು. ಹಾಗೆ ನಾನು ಗಂಡನ ಕುರ್ಚಿಯಲ್ಲಿ ಕೂತೆ. ಹಳೆಯ ವೆಲ್ಡರ್ ಒಬ್ಬರು ನನ್ನನ್ನು ಬಿಟ್ಟು ಹೋಗಲಿಲ್ಲ. ಕಬ್ಬಿಣದ ವಾಸನೆ ಮೊದಲು ತಲೆನೋವು ತರುತ್ತಿತ್ತು, ಆಮೇಲೆ ಅದಿಲ್ಲದಿದ್ದರೆ ತಲೆ ನೋಯತೊಡಗಿತು.

ಬೀಜ ಬಿಡುವ ಪೆಟ್ಟಿಗೆಯ ವಿಚಾರ ತಲೆಗೆ ಬಂದದ್ದು ರಸ್ತೆಯಲ್ಲಿ ಕಂಡ ಒಂದು ನೋಟದಿಂದ. ಟ್ರ್ಯಾಕ್ಟರ್ ಬಂದ ಮೇಲೆ ಹೆಂಗಸರು ಕೂರಿಗೆಯ ಹಿಂದೆ ನಡೆಯುವ ಬದಲು, ಅದಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ಬೀಜ ಬಿಡುತ್ತಾರೆ. ಹೆಂಟೆಯ ಮೇಲೆ ಟ್ರ್ಯಾಕ್ಟರ್ ಎಗರಿದಂತೆಲ್ಲ ಅವರೂ ಎಗರಬೇಕು. ಮುಖದ ತುಂಬ ಧೂಳು, ಸೊಂಟ ಸತ್ತುಹೋಗಿರುತ್ತದೆ. ಆ ಕುಣಿತದಲ್ಲಿ ಯಾವ ಅಳತೆ, ಯಾವ ಕೈಗುಣ? ಒಂದು ಕಡೆ ಹಿಡಿಯೇ ಬೀಳುತ್ತದೆ, ಮುಂದೆ ಮಾರುದ್ದ ಏನೂ ಬೀಳುವುದಿಲ್ಲ. ಆ ದಿನ ನನಗೆ ಸಿಟ್ಟು ಬಂತು. ಕೈಗುಣ ಕೈಗುಣ ಎನ್ನುವವರು ಕೈಗೆ ಇಷ್ಟು ಮರ್ಯಾದೆಯನ್ನಾದರೂ ಕೊಡಬಾರದೆ ಎನಿಸಿತು.

ಕಂಪನಿಯವರ ಬಿತ್ತುವ ಯಂತ್ರ ಪೇಟೆಯಲ್ಲಿತ್ತು, ಇಲ್ಲ ಎನ್ನುವುದಿಲ್ಲ. ಆದರೆ ಅದಕ್ಕಾಗಿ ಮನೆಯಲ್ಲಿರುವ ಕೂರಿಗೆಯನ್ನು ಹಾಳುಬಿಡಬೇಕು. ನಮ್ಮವರು ಅಪ್ಪನ ಕೂರಿಗೆಯನ್ನು ಗುಜರಿಗೆ ಹಾಕುವ ಜನವಲ್ಲ. ಇದ್ದ ಕೂರಿಗೆಯ ಮೇಲೆಯೇ ಕೂರುವಂಥ ಒಂದು ತಗಡಿನ ಪೆಟ್ಟಿಗೆ ಮಾಡಿದರೆ? ಒಳಗೆ ಒಂದು ರೋಲರ್, ರೋಲರಿನ ಮೈಮೇಲೆ ಕುಳಿಗಳು. ಪಕ್ಕಕ್ಕೆ ನೆಲ ತಾಗುವ ಒಂದು ಗಾಲಿ. ಗಾಲಿ ತಿರುಗಿದಂತೆ ರೋಲರ್ ತಿರುಗಬೇಕು, ಒಂದೊಂದು ಕುಳಿಯೂ ತನ್ನ ಪಾಲಿನ ಕಾಳು ಎತ್ತಿ ಕೊಳವೆಗೆ ಹಾಕಬೇಕು. ಹೇಳಲು ಇಷ್ಟೇ. ಕುಳಿ ಎಷ್ಟು ದೊಡ್ಡದಿರಬೇಕು, ಎಷ್ಟು ದೂರಕ್ಕೊಂದಿರಬೇಕು ಎಂಬುದರಲ್ಲಿ ಎಲ್ಲವೂ ಇತ್ತು. ಅಳತೆಗೆ ನಾನು ನನ್ನ ಕೈಯನ್ನೇ ಇಟ್ಟುಕೊಂಡೆ. ಶೆಡ್ಡಿನ ನೆಲದ ಮೇಲೆ ಗೋಣಿತಾಟು ಹಾಸಿ, ನೀರು ಚಿಮುಕಿಸಿ, ಅದರ ಮೇಲೆ ಖಾಲಿ ಕೂರಿಗೆ ಎಳೆಸಿದೆ. ಹಿಂದಿನಿಂದ ತೊಗರಿ ಬಿಟ್ಟುಕೊಂಡು ನಡೆದೆ. ಕಾಳು ಒದ್ದೆ ಗೋಣಿಗೆ ಅಂಟಿಕೊಂಡು ನನ್ನ ಕೈಯ ಲಯ ಕಣ್ಣಿಗೆ ಕಾಣುವ ಹಾಗೆ ಬಿದ್ದಿತ್ತು. ವರ್ಷಗಳ ಮೇಲೆ ಬೀಜ ಬಿಟ್ಟದ್ದು ಅವತ್ತೇ. ವೆಲ್ಡರ್ ನೋಡಲಿಲ್ಲ ಅಂದುಕೊಂಡು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅವರು ನೋಡಿದ್ದರು, ಚಹಾ ತರಲು ಎದ್ದು ಹೋದರು.

ರೋಲರ್ ಕೊರೆಸಲು ಸಿಂಧನೂರಿನ ಲೇತ್ ಅಂಗಡಿಗೆ ಓಡಾಡಿ ಓಡಾಡಿ ಬಸ್ಸಿನ ಕಂಡಕ್ಟರುಗಳೆಲ್ಲ ಗುರುತಾದರು. ಕೆಟ್ಟ ರೋಲರುಗಳು ಒಂದು ಬುಟ್ಟಿ ತುಂಬಿದವು. ಕಡೆಗೊಂದು ದಿನ ಪೆಟ್ಟಿಗೆ ಗೋಣಿಯ ಮೇಲೆ ನಾನು ಬಿಟ್ಟ ಹಾಗೆಯೇ ಕಾಳು ಬಿಟ್ಟಿತು. ನನಗಿಂತ ಚಲೋ ಬಿಟ್ಟಿತು ಎಂದರೂ ತಪ್ಪಿಲ್ಲ. ಅದಕ್ಕೆ ಸೊಂಟ ನೋಯುವುದಿಲ್ಲವಲ್ಲ.

ಇನ್ನು ಮುಂದೆ ಸುಲಭ ಅಂದುಕೊಂಡೆ. ಲಿಂಗಸುಗೂರಿನಲ್ಲಿ ಸಣ್ಣ ಉದ್ದಿಮೆದಾರರಿಗೆ ಒಂದು ದಿನದ ತರಬೇತಿ ಇತ್ತು, ಹೋದೆ. ದೂರದ ಊರಿನಿಂದ ಬಂದವರೊಬ್ಬರು ಗೋಡೆಯ ಮೇಲೆ ಚಿತ್ರ ತೋರಿಸುತ್ತ, "ಹೊಸದಾಗಿ ಯೋಚಿಸಿ, ಸೋಲಿಗೆ ಹೆದರಬೇಡಿ" ಎಂದು ಸಾಯಂಕಾಲದವರೆಗೆ ಹೇಳಿದರು. ನಾವು ಪಲಾವು ಉಂಡು ಚಪ್ಪಾಳೆ ತಟ್ಟಿ ಬಂದೆವು. ಮರುವಾರ ಲಿಂಗಸುಗೂರಿನದೇ ಬ್ಯಾಂಕಿಗೆ ಹೋದೆ. ನನ್ನದೇ ಒಂದು ಲೇತ್ ಇಲ್ಲದೆ ಪೆಟ್ಟಿಗೆ ಮಾಡುವುದು ಆಗುವ ಮಾತಾಗಿರಲಿಲ್ಲ. ಮ್ಯಾನೇಜರ್ ಬೆಂಗಳೂರು ಕಡೆಯವರು, ಸಭ್ಯಸ್ಥರು, ಕೂರಿಸಿ ಮಾತಾಡಿಸಿದರು.

"ಮೇಡಂ, ಈ ಮಷಿನ್ ಯಾವ ಕಂಪನಿಯದು?"

"ನಂದ ರೀ."

"ನಿಮ್ಮದು ಅಂದ್ರೆ? ಇದು ಬೇರೆ ಎಲ್ಲಾದರೂ ನಡೀತಿದೆಯಾ?"

"ಎಲ್ಲೂ ಇಲ್ಲ ರೀ. ಹೊಸಾದು."

"ಅದೇ ಕಷ್ಟ" ಎಂದರು. ಟೆಸ್ಟಿಂಗ್ ಆಗಿದ್ದರೆ ನೋಡಬಹುದಿತ್ತಂತೆ. ಕೃಷಿ ಕಚೇರಿಯಲ್ಲಿಯೂ ಅದೇ ಮಾತು. ಸಬ್ಸಿಡಿ ಇರುವುದು ಪಟ್ಟಿಯಲ್ಲಿರುವ ಕಂಪನಿಗಳಿಗೆ, ಪಟ್ಟಿಗೆ ಸೇರಲು ಟೆಸ್ಟಿಂಗ್ ಆಗಬೇಕು, ಟೆಸ್ಟಿಂಗಿಗೆ ಹತ್ತಾರು ಪೆಟ್ಟಿಗೆ ಮಾಡಿ ದೂರದ ಕೇಂದ್ರಕ್ಕೆ ಕಳಿಸಬೇಕು. ಅಷ್ಟು ಮಾಡಲು ಲೇತ್ ಬೇಕು, ಲೇತಿಗೆ ಸಾಲ ಬೇಕು, ಸಾಲಕ್ಕೆ ಟೆಸ್ಟಿಂಗ್ ಬೇಕು. ಹುಚ್ಚು ಬಿಡದೆ ಮದುವೆ ಆಗುವುದಿಲ್ಲ, ಮದುವೆ ಆಗದೆ ಹುಚ್ಚು ಬಿಡುವುದಿಲ್ಲ ಎಂದು ನಮ್ಮ ಅಜ್ಜಿ ಅನ್ನುತ್ತಿದ್ದದ್ದು ಸುಳ್ಳಲ್ಲ. ಏಳುವಾಗ ಮ್ಯಾನೇಜರ್ ಪಾಪ ಒಳ್ಳೆಯ ಮನಸ್ಸಿನಿಂದಲೇ ಕೇಳಿದರು, "ಮನೇಲಿ ಗಂಡಸರು ಯಾರಿದ್ದಾರೆ? ಅವರನ್ನ ಒಂದ್ಸಲ ಕಳಿಸಿ." ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು ಬಂದೆ.

ಇನ್ನುಳಿದವರು ರೈತರು. ಅವರು ಬಂದರು, ನೋಡಿದರು, ಗಾಲಿ ತಿರುಗಿಸಿ ಕಾಳು ಬೀಳುವುದನ್ನು ಕಂಡು ಖುಷಿಪಟ್ಟರು. "ಭಾರಿ ಮಾಡೀರಿ ಅಕ್ಕಾರ" ಎಂದರು. ನಂತರ, "ನೋಡೋಣು" ಎಂದರು. ನಮ್ಮಲ್ಲಿ ನೋಡೋಣು ಎಂದರೆ ಇಲ್ಲ ಎಂದೇ ಅರ್ಥ. ಯಾರಾದರೂ ಒಬ್ಬರು ಮೊದಲು ಹಾಕಲಿ ಎಂದು ಎಲ್ಲರೂ ಕಾದರು. ಅವರನ್ನೂ ಬೈಯಲಾರೆ. ಗೊರೇಬಾಳದ ಕಡೆಯಂತೆ ಕಾಲುವೆ ನೀರು ಇದ್ದರೆ ತಪ್ಪಿದ್ದನ್ನು ತಿದ್ದಿಕೊಳ್ಳಬಹುದು. ನಮ್ಮದು ಮಳೆ ನಂಬಿದ ಹೊಲ. ಬಿತ್ತುವ ಹದ ಒಂದು ಸಲ ಬರುತ್ತದೆ. ಅದು ತಪ್ಪಿದರೆ ಆ ವರ್ಷವೇ ತಪ್ಪಿದಂತೆ. ಹೊಸದನ್ನು ಮಾಡಿನೋಡಲು ಒಂದು ವರ್ಷವನ್ನು ಯಾರು ಬಲಿ ಕೊಟ್ಟಾರು?

ಅಷ್ಟರಲ್ಲಿ ಮೈದುನ ಮತ್ತೊಮ್ಮೆ ಬಂದು, "ವೈನಿ, ಈ ಮುಂಗಾರು ನೋಡ್ರಿ. ಆಗಲಿಲ್ಲಂದ್ರ ಹಟ ಬಿಡ್ರಿ" ಎಂದ. ಮಾವನವರೂ ತಲೆ ಆಡಿಸಿದರು. ಒಂದು ಪೆಟ್ಟಿಗೆಯಾದರೂ ಹೊಲಕ್ಕೆ ಇಳಿದು ನೆಟ್ಟಗೆ ಬಿತ್ತಿ ತೋರಿಸಬೇಕು, ಇಲ್ಲದಿದ್ದರೆ ಶೆಡ್ಡಿನಲ್ಲಿ ಟೈಲ್ಸು. ನನ್ನ ಬದುಕು ಅಲ್ಲಿಗೆ ಬಂದು ನಿಂತಿತ್ತು.

ಆಗ ಬಂದವನು ಪಾಮನಕಲ್ಲೂರಿನ ಕಾಕಾ. ನನ್ನ ಅಪ್ಪನ ದಾಯಾದಿ ತಮ್ಮ, ಮೊದಲೆಲ್ಲ ನನ್ನನ್ನು ಬಿತ್ತಲು ಕರೆಸುತ್ತಿದ್ದವನೇ. "ಯವ್ವಾ, ನಿನ್ನ ಪೆಟ್ಟಿಗಿ ನಾ ಒಯ್ತೀನಿ. ಮನಿ ಮಗಳು ಮಾಡ್ಯಾಳ, ನಾವ ಹಾಕಲಿಲ್ಲಂದ್ರ ಯಾರು ಹಾಕ್ಬೇಕು?" ಎಂದ. ಎಷ್ಟೋ ದಿನಗಳ ಮೇಲೆ ನನಗೆ ಹೊಟ್ಟೆ ತುಂಬ ಊಟ ಸೇರಿದ್ದು ಅವತ್ತು.

ಕೂರಿಗೆ ಹೊಸದಾಗಿ ಮಾಡಿಸಿಕೊಂಡು ಒಯ್ಯುವಾಗ ಒಂದು ರಿವಾಜಿದೆ. ಮಾಡಿದವರ ಮನೆಯ ಹೆಣ್ಣುಮಗಳು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಒಯ್ಯುವವರ ಉಡಿಗೆ ಒಂದು ಹಿಡಿ ಬೀಜ ಹಾಕಿ ಕೊಡುತ್ತಾಳೆ. ಗಂಡ ಇದ್ದಾಗ ಅದನ್ನು ನಾನೇ ಮಾಡುತ್ತಿದ್ದೆ. ಒಯ್ಯುವ ದಿನ ಕಾಕಾ ಹೆಂಡತಿಯನ್ನು ಕರೆದುಕೊಂಡು ಬಂದ. ಟ್ರ್ಯಾಕ್ಟರ್ ನಿಲ್ಲಿಸಿ, ಚಹಾ ಕುಡಿದು, ಹೆಗಲ ಮೇಲಿನ ಟವೆಲ್ಲನ್ನು ಎರಡೆರಡು ಸಲ ಸರಿಮಾಡಿಕೊಂಡ. ಆಮೇಲೆ ನೆಲ ನೋಡುತ್ತ, "ನಿಮ್ಮ ಅತ್ತಿಯವರ ಕೈಲೆ ಕೊಡಸವಾ. ಹೊಲಕ್ಕೂ ಅವರನ್ನ ಕರ್ಕೊಂಡು ಹೋಗಿ ಪೂಜಿ ಮಾಡಸ್ತೀವಿ. ನೀ ಇಲ್ಲೇ ಇರು, ಶೆಡ್ಡು ನೋಡ್ಕೊ" ಎಂದ.

ಮಾವ ಇದ್ದರು, ಹಾಗಾಗಿ ಅತ್ತೆ ಮುತ್ತೈದೆ. ಆದರೆ ಅವರು ಸಿಂಧನೂರಿನ ಅಂಗಡಿಕಾರರ ಮನೆಯಿಂದ ಬಂದವರು. ತಕ್ಕಡಿ ಹಿಡಿದ ಮನೆತನ, ಹುಟ್ಟಿದಾಗಿನಿಂದ ಒಂದು ಕಾಳನ್ನೂ ನೆಲಕ್ಕೆ ಬಿಟ್ಟವರಲ್ಲ. ನನಗೆ ಒಂದು ಕ್ಷಣ ಕೂಗಾಡಬೇಕು ಎನಿಸಿತು. ಕೂಗಾಡಿದರೆ ಕಾಕಾ ಪೆಟ್ಟಿಗೆ ಬಿಟ್ಟು ಹೋಗುತ್ತಾನೆ. "ಆತು ಕಾಕಾ" ಎಂದೆ. ಅತ್ತೆ ರೇಷ್ಮೆ ಸೀರೆ ಉಟ್ಟುಕೊಂಡು ಟ್ರ್ಯಾಕ್ಟರ್ ಹತ್ತಿದರು. ಹತ್ತುವಾಗ ನನ್ನ ಮುಖ ನೋಡಲಿಲ್ಲ.

ಬಿತ್ತನೆಯಾಗಿ ಹತ್ತಾರು ದಿನ ಕಳೆದಿರಬೇಕು, ಕಾಕಾ ಪೆಟ್ಟಿಗೆಯನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ಬಂದ. ಅವನ ನಡಿಗೆಯಲ್ಲೇ ಗೊತ್ತಾಯಿತು.

"ನಡುವಿನ ಸಾಲು ಹುಟ್ಟೇ ಇಲ್ಲವ್ವಾ. ಹೊಲ ನೋಡಿದ್ರ ಬೈತಲಿ ತಗದಂಗ ಆಗೇತಿ. ಮಂದಿ ನಗಾಕತ್ತಾರ."

"ಕಾಕಾ, ನಾ ಬಂದು ಬೋಳು ಬಿದ್ದಲ್ಲಿ ಕೈಲೆ ಹಾಕಿ ಕೊಡ್ತೀನಿ" ಎಂದೆ.

"ಬ್ಯಾಡವಾ, ನಮ್ಮ ಹೆಣ್ಣುಮಕ್ಕಳು ಹಾಕ್ಯಾರ" ಎಂದ. ಬ್ಯಾಡ ಎನ್ನುವುದನ್ನು ಬಲು ಮೆತ್ತಗೆ ಅಂದ. ಮೆತ್ತಗೆ ಅಂದದ್ದಕ್ಕೇ ಹೆಚ್ಚು ನೋವಾಯಿತು.

ಅವನ ಎದುರಿಗೇ ಪೆಟ್ಟಿಗೆಯ ಬೋಲ್ಟು ಬಿಚ್ಚಿದೆ. ಅತ್ತೆಯೂ ಬಂದು ನಿಂತಿದ್ದರು. ಒಳಗೆ ನಡುವಿನ ಕುಳಿಗಳ ತುಂಬ ತೊಗರಿ ಅಂಟಿಕೊಂಡಿತ್ತು. ಅರಿಶಿನದ ಹಳದಿ, ತುಪ್ಪದ ಜಿಡ್ಡು, ಹಾಲು ಒಡೆದ ಕಮಟು ವಾಸನೆ. ಕಾಳುಗಳು ಉಬ್ಬಿ, ಮೊಳಕೆ ಒಡೆದು, ಬೆಳಕಿಲ್ಲದೆ ಬಿಳಿಚಿಕೊಂಡು ಒಣಗಿದ್ದವು. ಕಾಕಾನ ಹೊಲದಲ್ಲಿ ಹುಟ್ಟದ ತೊಗರಿ ನನ್ನ ಪೆಟ್ಟಿಗೆಯಲ್ಲಿ ಹುಟ್ಟಿತ್ತು.

ನಡೆದದ್ದು ತಾನಾಗಿ ತಿಳಿಯಿತು. ಹೊಲದ ಬದುವಿನಲ್ಲಿ ಪೂಜೆ ಮಾಡಿ, ಪೆಟ್ಟಿಗೆಯ ಅಂಚಿಗೇ ಕಾಯಿ ಒಡೆದು ನೀರನ್ನು ಒಳಗೆ ಬಿಟ್ಟು, ಮೇಲೆ ಹಾಲು ತುಪ್ಪ ಎರೆದಿದ್ದರು. ಕಟ್ಟಿಗೆಯ ಕೂರಿಗೆಗೆ ಹಾಗೆಯೇ ಎರೆಯುತ್ತಾರೆ. ಅದರ ಬಟ್ಟಲು ತೆರೆದ ಬಟ್ಟಲು, ಎರೆದದ್ದು ಕೊಳವೆಯಲ್ಲಿ ಇಳಿದು ನೆಲ ಸೇರುತ್ತದೆ, ಭೂಮಿತಾಯಿಗೆ ಎರೆದಂತೆಯೂ ಆಗುತ್ತದೆ. ನನ್ನ ಪೆಟ್ಟಿಗೆಯಲ್ಲಿ ಅದಕ್ಕೆ ಇಳಿಯಲು ದಾರಿ ಇರಲಿಲ್ಲ. ನಾನು ಅಲ್ಲಿದ್ದಿದ್ದರೆ, "ಪೂಜಿ ಟ್ರ್ಯಾಕ್ಟರಿಗೆ ಮಾಡ್ರಿ, ಪೆಟ್ಟಿಗಿಗೆ ಬ್ಯಾಡ" ಎನ್ನುವ ಒಂದೇ ಮಾತು ಸಾಕಿತ್ತು. ನಾನು ಅಲ್ಲಿ ಇರಕೂಡದಾಗಿತ್ತು, ಅದಕ್ಕೇ ಇರಲಿಲ್ಲ.

"ಕಾಕಾ, ನೀರು ಒಳಗ ಹೋಗ್ಯಾವ. ಅದಕ್ಕ ಕಾಳು ಹಿಡಕೊಂಡಾವ" ಎಂದು ತೋರಿಸಿದೆ.

ಅವನು ಬಗ್ಗಿ ನೋಡಿದ. ಎದ್ದು ನಿಂತು, "ಕಾಯಿ ನೀರಿಗೆ ಕೆಡ್ತಾವೇನವಾ ಬಿತ್ತೂ ಸಾಮಾನು? ನಮ್ಮ ಮುತ್ಯಾನ ಕಾಲದಿಂದ ಎರದೀವಿ. ಪೂಜಿಯಿಂದ ಕೆಟ್ಟದ್ದು ಎಲ್ಲೆರ ಕೇಳೀಯೇನು?" ಎಂದ. ನಾನು ಇನ್ನೂ ಹೇಳುತ್ತಿದ್ದೆನೋ ಏನೋ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಮಾತು ಅವನ ಬಾಯಿಯ ತುದಿಯಲ್ಲಿ ಬಂದು ನಿಂತದ್ದು ಕಾಣಿಸಿತು. ಬಿಚ್ಚಿದ ಬೋಲ್ಟುಗಳನ್ನು ಆರಿಸಿ ಒಂದು ಕಡೆ ಇಟ್ಟೆ.

ಅವನು ಹೋದ ಮೇಲೆ ಅತ್ತೆ ಅಲ್ಲೇ ನಿಂತಿದ್ದರು. "ಎರದಾಕಿ ನಾನ ಬೇ" ಎಂದರು. ಅಷ್ಟೇ. ಆಮೇಲೆ ಒಳಗಿಂದ ಹಳೆಯ ಚಮಚ ತಂದು, ನೆಲದ ಮೇಲೆ ಕೂತು, ಕುಳಿಗಳಿಂದ ಒಣಗಿದ ಮೊಳಕೆಗಳನ್ನು ಕೆರೆದು ಕೆರೆದು ತೆಗೆದರು. ನಾನು ಬೇಡ ಅನ್ನಲಿಲ್ಲ.

ಮಸ್ಕಿಯ ಸಂತೆಯಲ್ಲಿ ಮಾತು ಹಬ್ಬಿತು. ಪೆಟ್ಟಿಗೆ ಕೆಟ್ಟದ್ದು ಎಂದು ಯಾರೂ ಹೇಳಲಿಲ್ಲ. "ಪೆಟ್ಟಿಗಿ ಚಲೋನ ಐತಂತ, ಕೈ ಕೂಡಿ ಬರಲಿಲ್ಲಂತ" ಎಂದರು. ಕೆಟ್ಟದ್ದು ಎಂದಿದ್ದರೆ ರಿಪೇರಿ ಮಾಡುತ್ತಿದ್ದೆ. ಕೈಯನ್ನು ಯಾವ ಲೇತಿನಲ್ಲಿ ಕೊರೆಸಲಿ?

ಇನ್ನೊಂದು ವರ್ಷ ಕೊಡು ಎಂದು ಮೈದುನನನ್ನು ಕೇಳಿದೆ, ಮಾವ ಕೊಡಿಸಿದರು. ಪೆಟ್ಟಿಗೆಗೆ ಒಂದು ಮುಚ್ಚಳ ಮಾಡಿದೆ. ಮುಚ್ಚಳ ಇದ್ದರೂ ತೆಗೆದು ಎರೆಯುವ ಜನ ಎಂದು ಗೊತ್ತಿದ್ದರಿಂದ ಕೆಳಗೆ ಒಂದು ತೂತನ್ನೂ ಇಟ್ಟೆ, ಕಾಳು ಬೀಳದಷ್ಟು ಸಣ್ಣದು, ಕಾಯಿ ನೀರು ಇಳಿಯುವಷ್ಟು ದೊಡ್ಡದು. ಹಿಂಗಾರಿ ಬಂತು. ಗಂಡನ ಪಾಲಿಗೆ ಊರ ಹೊರಗೆ ಒಂದಿಷ್ಟು ಕಪ್ಪು ಮಣ್ಣಿನ ಎರೆ ಹೊಲ ಇತ್ತು, ಇಷ್ಟು ದಿನ ಬೇರೆಯವರು ಮಾಡುತ್ತಿದ್ದರು. ಆ ಸಲ ನಾನೇ ಕಡಲೆ ಬಿತ್ತುತ್ತೇನೆ ಎಂದೆ. ಟ್ರ್ಯಾಕ್ಟರ್ ಬಾಡಿಗೆಗೆ ಕರೆಸಿ ಪೆಟ್ಟಿಗೆ ಕಟ್ಟಿಸಿದೆ. ಅತ್ತೆ ಕಾಯಿ ಹಿಡಿದುಕೊಂಡು ನನ್ನ ಜೊತೆ ಬಂದರು. ಕಾಯಿಯನ್ನು ಟ್ರ್ಯಾಕ್ಟರಿನ ಗಾಲಿಗೆ ಒಡೆದರು. ಆಮೇಲೆ ಬೀಜದ ಪುಟ್ಟಿಯನ್ನು ನನ್ನ ಮುಂದೆ ಇಟ್ಟು, "ಮೊದಲಿನ ಹಿಡಿ ನೀನ ಹಾಕು. ನನ್ನ ಕೈಗೆ ಇದು ಬರೂದಿಲ್ಲ" ಎಂದರು. ಡ್ರೈವರ್ ಬೇರೆ ಕಡೆ ನೋಡಿದ. ನಾನು ಹಾಕಿದೆ.

ಕಡಲೆ ಬಂದ ಪರಿಯನ್ನು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತೇನೆ. ಬಾಚಣಿಕೆಯಲ್ಲಿ ಬಾಚಿದಂತೆ ಸಾಲು, ಎಲ್ಲಿಯೂ ಗುಂಪಿಲ್ಲ, ಬೋಳಿಲ್ಲ. ರಸ್ತೆಯಲ್ಲಿ ಹೋಗುವವರು ಬೈಕ್ ನಿಲ್ಲಿಸಿ ನೋಡುತ್ತಿದ್ದರು. "ಹದ ಚಲೋ ಸಿಕ್ಕೇತಿ" ಎಂದರು ಕೆಲವರು. "ಎರಿ ಚಲೋ ಐತಿ, ಯಾರು ಬಿತ್ತಿದರೂ ಬರತೈತಿ" ಎಂದರು ಇನ್ನು ಕೆಲವರು. ಕೆಟ್ಟಾಗ ಕೈ, ಬಂದಾಗ ನೆಲ. ನಾನು ಬದುವಿನ ಮೇಲೆ ಕೂತು ನಕ್ಕೆ. ಅಷ್ಟೊತ್ತಿಗೆ ಸಿಟ್ಟು ಮಾಡುವಷ್ಟು ತ್ರಾಣವೂ ಉಳಿದಿರಲಿಲ್ಲ.

ಆ ಚಳಿಗಾಲದಲ್ಲಿ ಮಾವ ತೀರಿಕೊಂಡರು. ವಯಸ್ಸಾಗಿತ್ತು, ಒಂದು ವಾರ ಮಲಗಿದರು, ಹೋದರು. ಅತ್ತೆಯ ಬಳೆ ತೆಗೆಸುವಾಗ ನಾನು ಅಡುಗೆಮನೆಯಲ್ಲಿದ್ದೆ. ಬಂದ ನೆಂಟರು ಶೆಡ್ಡಿನ ಬಾಡಿಗೆ ಎಷ್ಟು ಬರಬಹುದು ಎಂದು ಮೈದುನನನ್ನು ಕೇಳುತ್ತಿದ್ದದ್ದು ಕೇಳಿಸಿತು. ಈಗ ಜಾಗದ ಮಾತು ಅವನ ಕೈಯಲ್ಲಿತ್ತು. "ವೈನಿ, ಯುಗಾದಿ ಆದಮ್ಯಾಲ ಖಾಲಿ ಮಾಡೋಣು" ಎಂದ. ಆತು ಎಂದೆ. ಖರೇ ಹೇಳುತ್ತೇನೆ, ಅವತ್ತು ನನಗೆ ಬೇಜಾರಾಗಲಿಲ್ಲ. ಇನ್ನು ಯಾರಿಗೂ ಏನನ್ನೂ ತೋರಿಸಿ ಒಪ್ಪಿಸಬೇಕಾಗಿಲ್ಲ ಎಂದು ಹಗುರವೇ ಆಯಿತು.

ಯುಗಾದಿಯ ಮುಂಚೆ, ಮಟಮಟ ಮಧ್ಯಾಹ್ನ, ರಸ್ತೆಯಲ್ಲಿ ನಾಯಿಯೂ ಇಲ್ಲದ ಹೊತ್ತಿನಲ್ಲಿ ಕಾಕಾ ಬಂದ. ನನ್ನ ಕಡಲೆ ಹೊಲವನ್ನು ಅವನು ನೋಡಿದ್ದನಂತೆ, ಒಂದು ಸಲ ಅಲ್ಲ. "ಅಗದಿ ಛಂದ ಬಂದಿತ್ತವ್ವಾ. ಹಂತಾದೊಂದು ಪೆಟ್ಟಿಗಿ ನನಗ ಮಾಡಿಕೊಡು" ಎಂದ. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಅವನು ಮುಂದುವರಿದು, "ಒಯ್ಯೂ ಮುಂದ ನಿಮ್ಮ ಅತ್ತಿಯವರ ಕೈಲೆ..." ಎಂದು ಅರ್ಧಕ್ಕೆ ನಿಂತ. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವನ ಕಣ್ಣು ಅವರ ಬರಿ ಕೈಯ ಮೇಲೆ ಬಿತ್ತು.

ಅತ್ತೆಯೂ ತಮ್ಮ ಕೈಯನ್ನು ನೋಡಿಕೊಂಡರು. ಅಂಗೈ ತಿರುಗಿಸಿ, ಮತ್ತೆ ಮುಂಗೈ ತಿರುಗಿಸಿ, ಇದೇನು ಹೊಸ ಸಾಮಾನು ಎಂಬಂತೆ. ಆಮೇಲೆ ಅಂದರು, "ಹೋದ ಮುಂಗಾರಿಗೆ ಈ ಕೈ ಚಲೋ ಇತ್ತಲ್ಲೋ ತಮ್ಮಾ, ನಿನ್ನ ಹೊಲ ಕೆಡಸಿತು. ಈಕಿ ಕೈ ಕೆಟ್ಟಿತ್ತು, ಕಡ್ಲಿ ಬೆಳಸಿತು. ಬೇಕಂದ್ರ ನನ್ನ ಸೊಸಿ ಕೈಲೆ ತಗೊಂಡು ಹೋಗು, ಬ್ಯಾಡಂದ್ರ ಬಿಡು. ಈ ಮನ್ಯಾಗ ಬ್ಯಾರೆ ಕೈ ಇಲ್ಲ."

ಕಾಕಾನ ಮುಂದಿದ್ದ ಚಹಾ ಆರಿತು. ಕಡೆಗೆ ಅವನು ಎದ್ದು, ಶೆಡ್ಡಿನ ಹಿಂದಿನ ಬಾಗಿಲ ಕಡೆಗೆ ನಡೆದು, ಹೆಗಲ ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಒಡ್ಡಿದ. ನಾನು ಒಂದು ಹಿಡಿ ತೊಗರಿ ಹಾಕಿದೆ. ಅವನು ಗಂಟು ಕಟ್ಟಿಕೊಂಡು, "ಯಾರ ಮುಂದೂ ಅನಬ್ಯಾಡವಾ" ಎಂದ. ಕಡಲೆ ಬಿತ್ತಿದ ಪೆಟ್ಟಿಗೆಗೇ ತೊಗರಿಯ ರೋಲರ್ ಹಾಕಿಕೊಟ್ಟೆ. ಟ್ರ್ಯಾಕ್ಟರನ್ನು ಹಿಂದಿನ ಬಾಗಿಲಿಗೇ ತರಿಸಿ ಅದನ್ನು ತಾಡಪಾಲಿನಲ್ಲಿ ಸುತ್ತಿ ಒಯ್ದ. ಕದ್ದ ಮಾಲು ಒಯ್ಯುವಂತೆ ಒಯ್ದ.

ಯುಗಾದಿ ಬಂತು, ಹೋಯಿತು. ಟೈಲ್ಸ್ ಅಂಗಡಿಯವರು ಕಾಗದ ಪತ್ರ ಎಂದು ತಡ ಮಾಡುತ್ತಿದ್ದುದರಿಂದ ಶೆಡ್ಡು ಖಾಲಿಯಾಗದೆ ನಿಂತಿತ್ತು. ಅಷ್ಟರಲ್ಲಿ 'ಮಿರಗ'ದ, ಅಂದರೆ ಮೃಗಶಿರಾ ಮಳೆ ಬಿದ್ದು, ಆ ಸಲ ಕಾಕಾನ ತೊಗರಿ ಸಾಲು ತಪ್ಪದೆ ಬಂತು. ಊರು ನೋಡಿತು, ಕೇಳಿತು. ಎಲ್ಲಿಂದ ತಂದದ್ದು? ಕಾಕಾ ಹೇಳಿದ, "ಸಿಂಧನೂರಾಗ ತಂದೀನಿ." ನಾನು ಸಿಟ್ಟಾಗಬಹುದಿತ್ತು. ಆದರೆ ಅವನ ಜಾಗದಲ್ಲಿ ನಿಂತು ನೋಡಿದರೆ ಅವನು ಇನ್ನೇನು ಹೇಳಬೇಕಿತ್ತು? ಹಿತ್ತಲ ಗಿಡ ಮದ್ದಲ್ಲ. ಸಿಂಧನೂರಿನಿಂದ ಬಂದದ್ದು ಮಾತ್ರ ಮದ್ದು.

ಪಾಮನಕಲ್ಲೂರಿನವರು ಸಿಂಧನೂರಿಗೆ ಹೋಗಿ ಅಂಗಡಿ ಅಂಗಡಿಯಲ್ಲಿ ಕೂರಿಗೆ ಮೇಲೆ ಕೂರುವ ಪೆಟ್ಟಿಗೆ ಕೊಡಿ ಎಂದು ಕೇಳಿದರಂತೆ. ಯಾರ ಬಳಿಯೂ ಇರಲಿಲ್ಲ. ಕೇಳುವವರು ಹೆಚ್ಚಾದಾಗ ಒಬ್ಬ ಅಂಗಡಿಯವನು ನನ್ನ ರೋಲರ್ ಕೊರೆದ ಲೇತಿನವನನ್ನು ವಿಚಾರಿಸಿ, ನನಗೆ ಫೋನ್ ಮಾಡಿದ. "ಅಕ್ಕಾರ, ಎಷ್ಟು ಮಾಡಿದ್ರೂ ನಾ ತಗೋತೀನಿ. ಲೇತ್ ನಾ ಹಾಕಿಸಿ ಕೊಡ್ತೀನಿ. ಆದರ ಹೆಸರು ನಮ್ಮ ಅಂಗಡೀದು, ಬಣ್ಣ ನಮ್ಮದು. ನೀವು ಮಾಡಿದ್ದು ಅಂತ ಮಂದಿಗೆ ಗೊತ್ತಾಗೂದು ಬ್ಯಾಡ ರೀ, ಸುಮ್ಮನ ಮಾರಾಟಕ್ಕ ತ್ರಾಸ." ಕಾರಣ ಅವನೂ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೈದುನ ಟೈಲ್ಸಿನವರಿಗೆ ಇಲ್ಲ ಎಂದ. ಶೆಡ್ಡು ಉಳಿಯಿತು.

ಈಗ ನಮ್ಮ ಶೆಡ್ಡಿನಲ್ಲಿ ಹಸಿರು ಪೆಟ್ಟಿಗೆಗಳು ಸಾಲಾಗಿ ನಿಂತಿರುತ್ತವೆ, ಮೈಮೇಲೆ ಬೇರೆಯವರ ಹೆಸರು. ಅವು ಸಿಂಧನೂರಿಗೆ ಹೋಗುತ್ತವೆ. ಪಾಮನಕಲ್ಲೂರಿನವರು ಮಸ್ಕಿ ದಾಟಿ, ನಮ್ಮ ಶೆಡ್ಡಿನ ಮುಂದೆಯೇ ಹಾದು ಸಿಂಧನೂರಿಗೆ ಹೋಗಿ, ಅಲ್ಲಿ ಅಂಗಡಿಯವನ ಹೆಂಡತಿಯ ಕೈಯಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಅದೇ ಪೆಟ್ಟಿಗೆಯನ್ನು ನಮ್ಮ ಶೆಡ್ಡಿನ ಮುಂದೆಯೇ ವಾಪಸ್ ಒಯ್ಯುತ್ತಾರೆ. ಕೆಲವರು ನನಗೆ ಕೈ ಬೀಸುತ್ತಾರೆ, ನಾನೂ ಬೀಸುತ್ತೇನೆ. ಕಾಕಾ ಹಬ್ಬಕ್ಕೆ ತೊಗರಿಬೇಳೆ ಕಳಿಸುತ್ತಾನೆ. ತೂತು ಯಾಕೆ ಎಂದು ಅಂಗಡಿಯವನು ಒಮ್ಮೆ ಕೇಳಿದ್ದ. ಗಾಳಿಗೆ ಎಂದೆ, ಒಪ್ಪಿಕೊಂಡ.

ಲೋಡ್ ಮಾಡುವ ದಿನ ಅತ್ತೆ ಒಳಗಿನಿಂದ ಒಂದು ಬುಟ್ಟಿ ತೊಗರಿ ತಂದು ನನ್ನ ಪಕ್ಕ ನಿಲ್ಲುತ್ತಾರೆ. ನಾನು ಒಂದೊಂದು ಪೆಟ್ಟಿಗೆಯ ಮುಚ್ಚಳ ತೆಗೆದು ಒಂದೊಂದು ಹಿಡಿ ಒಳಗೆ ಬಿಡುತ್ತೇನೆ. ಇದೇನ್ರಿ ಒಳಗೆ ಕಾಳು ಎಂದು ಮೊದಮೊದಲು ಗಾಡಿಯವನು ಕೇಳಿದ. "ಟೆಸ್ಟಿಂಗ್ ಮಾಡಿದ್ದು ರೀ" ಎಂದೆ. ಟೆಸ್ಟಿಂಗ್ ಎಂದ ಮೇಲೆ ಯಾರೂ ಮುಂದೆ ಕೇಳುವುದಿಲ್ಲ.

ಗಾಲಿ ತಿರುಗಿದಾಗ ರೋಲರ್ ಮೊದಲು ಎತ್ತುವುದು ಅಡಿಯಲ್ಲಿದ್ದ ಆ ಕಾಳುಗಳನ್ನೇ. ಹಾಗಾಗಿ ಪಾಮನಕಲ್ಲೂರಿನ ಹೊಲಗಳಲ್ಲಿ ಮೊದಲ ಸಾಲು ಈಗಲೂ ನನ್ನ ಕೈಯಿಂದಲೇ ಬೀಳುತ್ತದೆ. ಅಲ್ಲಿಯವರಿಗೆ ಅದು ಗೊತ್ತಿಲ್ಲ.